ಕೇಳಿದ್ದೊಂದು, ಸಿಕ್ಕಿದ್ದೊಂದು: ಜೆಫಿರ್ ಬಿಲ್ಡ್ ಆಯ್ಕೆಗಳ ಬಗ್ಗೆ ಓದುಗರ ಪ್ರಶ್ನೆಗಳು

ಈ ತಿಂಗಳು ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಜೆಫಿರ್ ಕುರಿತಾದವು. ಲಿನಕ್ಸ್ ಫೌಂಡೇಶನ್ ಆಶ್ರಯದಲ್ಲಿ 2016ರಲ್ಲಿ ಹೊರಬಂದ ಈ ಪುಟ್ಟ ಆಪರೇಟಿಂಗ್ ಸಿಸ್ಟಮ್ ಕೆಲವೇ ಕಿಲೋಬೈಟ್ ರ‍್ಯಾಮ್ ಇರುವ ಚಿಪ್ ಮೇಲೂ ಓಡುತ್ತದೆ. ಅದು ಅಷ್ಟು ಚಿಕ್ಕದಾಗಿ ಕೂರಲು ಕಾರಣ ಲಿನಕ್ಸ್ ಕರ್ನಲ್‌ನಿಂದ ಬಂದ ಕೆಕಾನ್ಫಿಗ್ ಪದ್ಧತಿ. ಬೇಕಾದ್ದನ್ನು ಮಾತ್ರ ಆಯ್ದುಕೊಂಡು, ಉಳಿದದ್ದನ್ನು ಕಂಪೈಲ್ ಆಗದಂತೆ ಬಿಡುವುದು. ಓದುಗರ ತೊಂದರೆಗಳ ಬೇರೂ ಅಲ್ಲೇ ಇದೆ. ಪ್ರಾಜೆಕ್ಟಿನ 'ಪಿಆರ್‌ಜೆ ಡಾಟ್ ಕಾನ್ಫ್' ಫೈಲಿನಲ್ಲಿ ನೀವು ಬರೆಯುವುದು ಬೇಡಿಕೆ ಮಾತ್ರ. ಅವಲಂಬನೆಗಳನ್ನೆಲ್ಲ ನೋಡಿ ಕೆಕಾನ್ಫಿಗ್ ಕೊಡುವ ಉತ್ತರ ಬಿಲ್ಡ್ ಫೋಲ್ಡರ್‌ನೊಳಗಿನ ಜೆಫಿರ್ ಫೋಲ್ಡರ್‌ನಲ್ಲಿ, 'ಡಾಟ್ ಕಾನ್ಫಿಗ್' ಎಂಬ ಫೈಲಿನಲ್ಲಿ ಇರುತ್ತದೆ. ಬೇಡಿಕೆಯನ್ನೂ ಆ ಉತ್ತರವನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಕೆಳಗಿನ ಅರ್ಧಕ್ಕಿಂತ ಹೆಚ್ಚು ಪ್ರಶ್ನೆಗಳು ತಾವೇ ಬಗೆಹರಿಯುತ್ತವೆ.

ಆಯ್ಕೆಗಳ ಹೆಸರನ್ನು ಇಲ್ಲಿ ಉಚ್ಚಾರದಂತೆ ಅಚ್ಚು ಹಾಕಿದ್ದೇವೆ. ಟೈಪ್ ಮಾಡುವಾಗ ಇಂಗ್ಲಿಷ್ ದೊಡ್ಡಕ್ಷರ ಬಳಸಿ, ಪ್ರತಿ ಹೆಸರಿನ ಮುಂದೆ 'ಕಾನ್ಫಿಗ್_' ಸೇರಿಸಿ. ಸಮ ಚಿಹ್ನೆಯ ಆಚೀಚೆ ಖಾಲಿ ಜಾಗ ಬಿಡಬೇಡಿ. ಫೈಲ್ ಹೆಸರಿನ 'ಡಾಟ್' ಎಂದರೆ ಚುಕ್ಕಿ. 'ವೈ' ಎಂದರೆ ಬೇಕು, 'ಎನ್' ಎಂದರೆ ಬೇಡ.

ಪ್ರಶ್ನೆ: ಎನ್‌ಆರ್‌ಎಫ್52840 ಡಿಕೆ ಬೋರ್ಡಿಗೆ ಬಿಎಂಇ280 ಸೆನ್ಸರ್ ಜೋಡಿಸಿದ್ದೇನೆ. ಪಿಆರ್‌ಜೆ ಡಾಟ್ ಕಾನ್ಫ್ ಫೈಲಿನಲ್ಲಿ ಐ2ಸಿ, ಬಿಎಂಇ280 ಎರಡಕ್ಕೂ 'ವೈ' ಕೊಟ್ಟಿದ್ದೇನೆ, ಓವರ್‌ಲೇ ಫೈಲೂ (ಜೋಡಿಸಿದ ಸೆನ್ಸರನ್ನು ಬೋರ್ಡಿನ ವಿವರಕ್ಕೆ ಸೇರಿಸುವ ಫೈಲು) ಇದೆ. ಆದರೂ ಕೊನೆಯಲ್ಲಿ ಲಿಂಕರ್ (ಕಂಪೈಲ್ ಆದ ತುಂಡುಗಳನ್ನು ಒಂದಾಗಿ ಜೋಡಿಸುವ ಸಾಧನ) '__ಡಿವೈಸ್_ಡಿಟಿಎಸ್_ಆರ್ಡ್_' ಎಂದು ಶುರುವಾಗಿ ಒಂದು ಅಂಕಿಯಲ್ಲಿ ಮುಗಿಯುವ ಹೆಸರಿಗೆ 'ಅನ್‌ಡಿಫೈನ್ಡ್ ರೆಫರೆನ್ಸ್' ಎನ್ನುತ್ತದೆ. ನನ್ನ ಕೋಡಿನಲ್ಲಿ ಆ ಹೆಸರೇ ಇಲ್ಲವಲ್ಲ? (ವಿದ್ಯಾರ್ಥಿನಿ, ದಾವಣಗೆರೆ)

ಉತ್ತರ: ಆ ಹೆಸರನ್ನು ನೀವು ಬರೆದಿಲ್ಲ, ನೀವು ಬಳಸಿದ 'ಡಿವೈಸ್_ಡಿಟಿ_ಗೆಟ್' ಜಾತಿಯ ಮ್ಯಾಕ್ರೋ ಬರೆದಿದೆ. ಡಿವೈಸ್ ಟ್ರೀ ಎಂದರೆ ಬೋರ್ಡಿನ ಯಂತ್ರಾಂಶದ ವಿವರಪಟ್ಟಿ, ಅದರಲ್ಲಿ ಒಂದೊಂದು ಸಾಧನದ ನಮೂದೂ ಒಂದು ನೋಡ್. ಅಲ್ಲಿರುವ ಪ್ರತಿ ನೋಡ್‌ಗೂ ಒಂದು ಕ್ರಮಸಂಖ್ಯೆ ಇರುತ್ತದೆ. ಮ್ಯಾಕ್ರೋ ನಿಮ್ಮ ಸೆನ್ಸರ್‌ನ ಕ್ರಮಸಂಖ್ಯೆ ಸೇರಿಸಿ ಒಂದು ಹೆಸರು ಕಟ್ಟುತ್ತದೆ. ಆ ಹೆಸರಿನ ವಸ್ತುವನ್ನು ಹುಟ್ಟಿಸಬೇಕಾದದ್ದು ಡ್ರೈವರ್. ಹೆಸರು ಕರೆದವರಿದ್ದಾರೆ, ಓಗೊಡುವವರಿಲ್ಲ ಎಂದರೆ ಡ್ರೈವರ್ ಕಂಪೈಲ್ ಆಗಿಲ್ಲ ಎಂದೇ ಅರ್ಥ.

ಏಕೆ ಆಗಿಲ್ಲ? ಟರ್ಮಿನಲ್‌ನಲ್ಲಿ ಮೇಲಕ್ಕೆ ಸರಿಸಿ, ಬಿಲ್ಡ್ ಶುರುವಾದ ಜಾಗಕ್ಕೆ ಹೋಗಿ. ಅಲ್ಲಿ ಒಂದು ಎಚ್ಚರಿಕೆ ಇದ್ದೇ ಇರುತ್ತದೆ: ಬಿಎಂಇ280ಗೆ 'ವೈ' ಕೊಡಲಾಗಿತ್ತು, ಸಿಕ್ಕಿದ್ದು 'ಎನ್'; ಈಡೇರದ ಅವಲಂಬನೆ 'ಸೆನ್ಸರ್'. ಬಿಎಂಇ280 ಎಂಬ ಆಯ್ಕೆ 'ಸೆನ್ಸರ್' ಎಂಬ ದೊಡ್ಡ ಆಯ್ಕೆಯ ಮನೆಯೊಳಗಿದೆ. ಹೊರಬಾಗಿಲು ಮುಚ್ಚಿರುವಾಗ ಒಳಕೋಣೆಯ ದೀಪ ಹಾಕಲು ಹೊರಟಂತೆ ಆಗಿದೆ. ಜೆಫಿರ್ ಇಲ್ಲಿ ಬಿಲ್ಡ್ ನಿಲ್ಲಿಸುವುದಿಲ್ಲ, ಎಚ್ಚರಿಸಿ ಮುಂದೆ ಹೋಗುತ್ತದೆ. ನೂರಾರು ಸಾಲುಗಳು ಅದರ ಮೇಲೆ ಹರಿದು ಹೋದ ಮೇಲೆ ಲಿಂಕರ್ ಕೂಗಿಕೊಳ್ಳುತ್ತದೆ.

ಪಿಆರ್‌ಜೆ ಡಾಟ್ ಕಾನ್ಫ್‌ನಲ್ಲಿ ಇರಬೇಕಾದದ್ದು ಒಂದೇ ಸಾಲು: ಸೆನ್ಸರ್=ವೈ. ಬಿಎಂಇ280 ಆಯ್ಕೆಯ ಪೂರ್ವನಿಯೋಜಿತ ಬೆಲೆಯೇ 'ವೈ'. ಡಿವೈಸ್ ಟ್ರೀಯಲ್ಲಿ ಆ ಸೆನ್ಸರ್ 'ಓಕೆ' ಸ್ಥಿತಿಯಲ್ಲಿದ್ದರೆ ಅದು ತಾನೇ ಹೊತ್ತಿಕೊಳ್ಳುತ್ತದೆ, ಐ2ಸಿಯನ್ನೂ ತಾನೇ ಎಳೆದುಕೊಳ್ಳುತ್ತದೆ. ಹಾಗಾಗಿ ನೀವು ಬರೆದ ಎರಡೂ ಸಾಲು ಬೇಡ.

ಇನ್ನು ಓವರ್‌ಲೇ. ನಿಮ್ಮ ಪ್ರಾಜೆಕ್ಟಿನ 'ಬೋರ್ಡ್ಸ್' ಫೋಲ್ಡರ್‌ನಲ್ಲಿ ಅದರ ಹೆಸರು ಎನ್‌ಆರ್‌ಎಫ್52840ಡಿಕೆ_ಎನ್‌ಆರ್‌ಎಫ್52840 ಡಾಟ್ ಓವರ್‌ಲೇ ಎಂದೇ ಇರಬೇಕು. ಬಿಲ್ಡ್ ಆದೇಶದಲ್ಲಿ ಎರಡು ಭಾಗಗಳ ನಡುವೆ ಓರೆಗೆರೆ ಬರುತ್ತದೆ, ಫೈಲ್ ಹೆಸರಿನಲ್ಲಿ ಮಾತ್ರ ಅಡಿಗೆರೆ. ಒಂದಕ್ಷರ ತಪ್ಪಿದರೂ ಜೆಫಿರ್ ಆ ಫೈಲನ್ನು ಸದ್ದಿಲ್ಲದೆ ಬಿಟ್ಟುಬಿಡುತ್ತದೆ. ಬಿಲ್ಡ್ ಸಿದ್ಧಪಡಿಸುವ ಸಿಮೇಕ್ ಮುದ್ರಿಸುವ ಸಾಲುಗಳಲ್ಲಿ 'ಫೌಂಡ್ ಡಿವೈಸ್‌ಟ್ರೀ ಓವರ್‌ಲೇ' ಎಂಬುದು ಕಂಡರೆ ಫೈಲ್ ಸಿಕ್ಕಿದೆ ಎಂದು ಖಾತ್ರಿ. ಒಳಗೆ ಆರ್ಡುಯಿನೋ_ಐ2ಸಿ ನೋಡ್‌ನ ಕೆಳಗೆ ಸೆನ್ಸರ್ ನೋಡ್ ಬರೆಯಿರಿ. ಅದರ 'ಕಂಪ್ಯಾಟಿಬಲ್' ಬೆಲೆಯಲ್ಲಿ ಬಾಷ್, ಅಲ್ಪವಿರಾಮ, ಬಿಎಂಇ280. 'ರೆಗ್' ಬೆಲೆ ಹೆಕ್ಸ್ 76 ಅಥವಾ 77. ಸೆನ್ಸರ್‌ನ ಎಸ್‌ಡಿಒ ಪಿನ್ ಗ್ರೌಂಡಿಗೆ ಹೋಗಿದ್ದರೆ 76, ವಿದ್ಯುತ್ ಸಾಲಿಗೆ ಹೋಗಿದ್ದರೆ 77. ಈ ಬೋರ್ಡಿನಲ್ಲಿ ಎಸ್‌ಡಿಎ ತಂತಿ ಪಿ0.26ಕ್ಕೆ, ಎಸ್‌ಸಿಎಲ್ ಪಿ0.27ಕ್ಕೆ.

ಬಿಲ್ಡ್ ಆದ ಮೇಲೆ ಎರಡು ಫೈಲ್ ತೆರೆದು ನೋಡಿ. ಡಾಟ್ ಕಾನ್ಫಿಗ್‌ನಲ್ಲಿ ಬಿಎಂಇ280=ವೈ ಇದೆಯೇ? ಪಕ್ಕದಲ್ಲೇ ಇರುವ ಜೆಫಿರ್ ಡಾಟ್ ಡಿಟಿಎಸ್ ಫೈಲಿನಲ್ಲಿ ನಿಮ್ಮ ನೋಡ್ ಇದೆಯೇ? ಎರಡೂ ಇದ್ದು, ಓಡುವಾಗ 'ಡಿವೈಸ್_ಈಸ್_ರೆಡಿ' ಸುಳ್ಳೆಂದು ಹೇಳಿದರೆ ಬಿಲ್ಡ್ ಆಯ್ಕೆಗಳ ಪಾತ್ರ ಮುಗಿದಿದೆ. ಇನ್ನು ಹುಡುಕಬೇಕಾದದ್ದು ತಂತಿ ಮತ್ತು ವಿಳಾಸದಲ್ಲಿ. ಒಂದು ಮಾತು: ಅಂಗಡಿಯಲ್ಲಿ ಬಿಎಂಇ280 ಎಂದು ಕೊಡುವ ಪುಟ್ಟ ಬೋರ್ಡ್ ಕೆಲವು ಸಲ ಬಿಎಂಪಿ280 ಆಗಿರುತ್ತದೆ. ಚಿಪ್‌ನ ಗುರುತು ಸಂಖ್ಯೆ ಹೆಕ್ಸ್ 60 ಬಂದರೆ ಬಿಎಂಇ, 58 ಬಂದರೆ ಬಿಎಂಪಿ. ಎರಡನೆಯದರಲ್ಲಿ ತೇವಾಂಶ ಅಳೆಯುವ ಭಾಗವೇ ಇಲ್ಲ. ಯಾವ ಆಯ್ಕೆ ಬದಲಿಸಿದರೂ ಅದು ಬರುವುದಿಲ್ಲ.

ಎಚ್ಚರಿಕೆ ಮತ್ತು ಎರರ್ ನಡುವಿನ ವ್ಯತ್ಯಾಸವೂ ಗೊತ್ತಿರಲಿ. ಆಯ್ಕೆಯ ಹೆಸರನ್ನೇ ತಪ್ಪಾಗಿ ಟೈಪ್ ಮಾಡಿದರೆ ಬಿಲ್ಡ್ ಅಲ್ಲೇ ನಿಲ್ಲುತ್ತದೆ. ಬಳಕೆದಾರರು ನೇರವಾಗಿ ಮುಟ್ಟಲಾಗದ, ಮೆನುವಿನಲ್ಲಿ ಕಾಣದ ಆಯ್ಕೆಗೆ ಬೆಲೆ ಕೊಟ್ಟರೂ ನಿಲ್ಲುತ್ತದೆ. ಹೆಸರು ಸರಿಯಿದ್ದು ಅವಲಂಬನೆ ಈಡೇರದಿದ್ದರೆ ಮಾತ್ರ ಬರೀ ಎಚ್ಚರಿಕೆ. ಈ ಮೂರನೆಯದೇ ಹೆಚ್ಚು ಜನರ ಸಂಜೆಗಳನ್ನು ನುಂಗುವುದು.

ಪ್ರಶ್ನೆ: ಮೆನುಕಾನ್ಫಿಗ್‌ನಲ್ಲಿ (ಆಯ್ಕೆಗಳನ್ನು ಪರದೆಯ ಮೇಲೆ ಬದಲಿಸುವ ಮೆನು) ಗಂಟೆಗಟ್ಟಲೆ ಕೂತು ಆಯ್ಕೆಗಳನ್ನು ಸರಿಮಾಡಿ ಸೇವ್ ಮಾಡಿದೆ. ಎಲ್ಲ ಚೆನ್ನಾಗಿತ್ತು. ಮರುದಿನ ಬಿಲ್ಡ್ ಫೋಲ್ಡರ್ ಅಳಿಸಿ ಮತ್ತೆ ಬಿಲ್ಡ್ ಮಾಡಿದರೆ ಎಲ್ಲ ಮಾಯ. ಗೆಳೆಯರೊಬ್ಬರು ಡಾಟ್ ಕಾನ್ಫಿಗ್ ಫೈಲನ್ನೇ ಪಿಆರ್‌ಜೆ ಡಾಟ್ ಕಾನ್ಫ್ ಎಂದು ನಕಲು ಮಾಡು ಎನ್ನುತ್ತಾರೆ. ಸರಿಯೇ? (ಓದುಗರು, ಹುಬ್ಬಳ್ಳಿ)

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ಡಾಟ್ ಕಾನ್ಫಿಗ್‌ನಲ್ಲಿ ನೀವು ಕೇಳಿದ ಹತ್ತು ಸಾಲಿನ ಜೊತೆ, ಕೆಕಾನ್ಫಿಗ್ ತಾನಾಗಿ ತುಂಬಿದ ನೂರಾರು ಸಾಲು ಇರುತ್ತವೆ. ಅದನ್ನು ನಕಲು ಮಾಡಿದರೆ ಮೆನುವಿನಲ್ಲಿ ಕಾಣದ ಆಯ್ಕೆಗಳಿಗೂ ಬೆಲೆ ಕೊಟ್ಟಂತಾಗಿ ಬಿಲ್ಡ್ ನಿಲ್ಲುತ್ತದೆ. ಹೇಗೋ ದಾಟಿದರೂ ನಾಳೆ ಬೋರ್ಡ್ ಬದಲಿಸಿದಾಗ ಹಳೆಯ ಬೋರ್ಡಿನ ಬೆಲೆಗಳು ಹೊಸದಕ್ಕೆ ಅಂಟಿಕೊಳ್ಳುತ್ತವೆ. ಆರು ತಿಂಗಳ ಮೇಲೆ ಆ ಫೈಲ್ ತೆರೆದವರಿಗೆ ನಿಮ್ಮ ಉದ್ದೇಶ ಯಾವುದು, ಯಂತ್ರ ತುಂಬಿದ್ದು ಯಾವುದು ಎಂದು ತಿಳಿಯುವುದೂ ಇಲ್ಲ.

ಮೆನುಕಾನ್ಫಿಗ್ ಬರೆಯುವುದು ಬಿಲ್ಡ್ ಫೋಲ್ಡರ್‌ನೊಳಗಿನ ಡಾಟ್ ಕಾನ್ಫಿಗ್‌ಗೆ ಮಾತ್ರ. ಫೋಲ್ಡರ್ ಅಳಿಸಿದರೆ, ಅಥವಾ 'ವೆಸ್ಟ್ ಬಿಲ್ಡ್ -ಪಿ ಆಲ್ವೇಸ್' ಎಂಬ, ಎಲ್ಲ ಅಳಿಸಿ ಹೊಸದಾಗಿ ಬಿಲ್ಡ್ ಮಾಡಿಸುವ ಆದೇಶ ಕೊಟ್ಟರೆ, ಅದೂ ಹೋಗುತ್ತದೆ. ಆದ್ದರಿಂದ ಮೆನುಕಾನ್ಫಿಗ್ ಅನ್ನು ಪ್ರಯೋಗದ ಜಾಗ ಎಂದುಕೊಳ್ಳಿ. 'ವೆಸ್ಟ್ ಬಿಲ್ಡ್ -ಟಿ ಮೆನುಕಾನ್ಫಿಗ್' ಎಂದು ತೆರೆದು, ಓರೆಗೆರೆ ಕೀಲಿ ಒತ್ತಿ ಆಯ್ಕೆಯ ಹೆಸರು ಹುಡುಕಿ. ಅದರ ಮೇಲೆ ನಿಂತು ಪ್ರಶ್ನಾರ್ಥಕ ಚಿಹ್ನೆ ಒತ್ತಿದರೆ ಯಾವ ಆಯ್ಕೆಯ ಮೇಲೆ ಅದು ಅವಲಂಬಿತ, ಯಾವ ಫೈಲಿನ ಯಾವ ಸಾಲಿನಲ್ಲಿ ಅದರ ವ್ಯಾಖ್ಯೆ ಇದೆ ಎಂಬುದೆಲ್ಲ ಬರುತ್ತದೆ. ಹುಡುಕಿದ ಆಯ್ಕೆ ಮೆನುವಿನಲ್ಲಿ ಕಾಣದಿದ್ದರೆ 'ಎ' ಒತ್ತಿ, ಮುಚ್ಚಿಟ್ಟವೂ ಕಾಣುತ್ತವೆ. ಬದಲಾವಣೆ ಸರಿ ಬಂತೆಂದು ಗೊತ್ತಾದ ಮೇಲೆ 'ಡಿ' ಒತ್ತಿ ಕನಿಷ್ಠ ಕಾನ್ಫಿಗ್ ಅನ್ನು ಬೇರೆ ಹೆಸರಲ್ಲಿ ಉಳಿಸಿ. ಪೂರ್ವನಿಯೋಜಿತ ಬೆಲೆಗಿಂತ ಬೇರೆಯಾದವು ಮಾತ್ರ ಅದರಲ್ಲಿರುತ್ತವೆ. ಅದರಿಂದಲೂ ನಿಮಗೆ ಸಂಬಂಧಿಸಿದ ಸಾಲುಗಳನ್ನಷ್ಟೇ ಆರಿಸಿ, ಕೈಯಾರೆ ಪಿಆರ್‌ಜೆ ಡಾಟ್ ಕಾನ್ಫ್‌ಗೆ ಬರೆಯಿರಿ. ಏಕೆ ಬೇಕೆಂದು ಒಂದು ಟಿಪ್ಪಣಿಯನ್ನೂ ಮೇಲಿನ ಸಾಲಿನಲ್ಲಿ ಹಾಕಿ.

ಫೈಲುಗಳು ಸೇರುವ ಕ್ರಮ ಹೀಗಿದೆ: ಮೊದಲು ಬೋರ್ಡಿನ ಸ್ವಂತ ಡೆಫ್‌ಕಾನ್ಫಿಗ್ (ಆ ಬೋರ್ಡಿನ ಆರಂಭದ ಆಯ್ಕೆಗಳ ಫೈಲ್), ಅದರ ಮೇಲೆ ಪಿಆರ್‌ಜೆ ಡಾಟ್ ಕಾನ್ಫ್, ಅದರ ಮೇಲೆ ಬೋರ್ಡ್ಸ್ ಫೋಲ್ಡರ್‌ನ ಕಾನ್ಫ್ ಫೈಲ್, ಅದರ ಮೇಲೆ ನೀವು ಹೆಸರಿಸಿ ಕೊಟ್ಟ ಹೆಚ್ಚುವರಿ ಫೈಲ್. ಒಂದೇ ಆಯ್ಕೆಗೆ ಎರಡು ಬೆಲೆ ಬಂದರೆ ಕೊನೆಗೆ ಬಂದದ್ದೇ ನಡೆಯುತ್ತದೆ. ಬಿಲ್ಡ್ ಶುರುವಿನಲ್ಲಿ 'ಲೋಡೆಡ್ ಕಾನ್ಫಿಗರೇಶನ್', 'ಮರ್ಜ್ಡ್ ಕಾನ್ಫಿಗರೇಶನ್' ಎಂಬ ಸಾಲುಗಳು ಇದೇ ಕ್ರಮದಲ್ಲಿ, ಫೈಲಿನ ಪೂರ್ತಿ ದಾರಿಯ ಸಮೇತ ಬರುತ್ತವೆ. ಹೆಚ್ಚುವರಿ ಫೈಲ್ ಕೊಡಲು ಬಿಲ್ಡ್ ಆದೇಶದಲ್ಲಿ 'ಎಕ್ಸ್‌ಟ್ರಾ_ಕಾನ್ಫ್_ಫೈಲ್' ಬಳಸಿ. 'ಕಾನ್ಫ್_ಫೈಲ್' ಎಂದು ಕೊಟ್ಟರೆ ಅದು ಪಿಆರ್‌ಜೆ ಡಾಟ್ ಕಾನ್ಫ್ ಜೊತೆ ಸೇರುವುದಿಲ್ಲ, ಅದರ ಜಾಗದಲ್ಲೇ ಕೂರುತ್ತದೆ.

ಪ್ರಶ್ನೆ: ಎಸ್‌ಟಿಎಂ32ಎಫ್103ಸಿ8 ಇರುವ ಬ್ಲೂ ಪಿಲ್ ಬೋರ್ಡ್. ಫ್ಲ್ಯಾಶ್ 64 ಕಿಲೋಬೈಟ್, ರ‍್ಯಾಮ್ 20. ಶೆಲ್ (ಬೋರ್ಡಿಗೆ ಆದೇಶ ಟೈಪ್ ಮಾಡುವ ವ್ಯವಸ್ಥೆ), ಲಾಗ್ (ಓಡುವಾಗಿನ ಸಂದೇಶಗಳ ಮುದ್ರಣ) ಎರಡೂ ಹಾಕಿದ್ದೇನೆ. ಉಷ್ಣತೆಯನ್ನು ದಶಮಾಂಶದಲ್ಲಿ ಮುದ್ರಿಸಲು ಸಿಬಿಪ್ರಿಂಟ್‌ಎಫ್_ಎಫ್‌ಪಿ_ಸಪೋರ್ಟ್, ಡೀಬಗ್ ಮಾಡಲು ನೋ_ಆಪ್ಟಿಮೈಜೇಶನ್ಸ್ ಕೂಡ. ಈಗ ಲಿಂಕರ್ ಫ್ಲ್ಯಾಶ್ 9,400 ಬೈಟ್ ಉಕ್ಕಿ ಹರಿದಿದೆ ಎನ್ನುತ್ತದೆ. ಯಾವುದನ್ನು ತೆಗೆಯಲಿ? (ಓದುಗರು, ಹಾಸನ)

ಉತ್ತರ: ಮೊದಲು ನೋ_ಆಪ್ಟಿಮೈಜೇಶನ್ಸ್ ತೆಗೆಯಿರಿ. ಅದು ಕಂಪೈಲರ್‌ಗೆ 'ಏನನ್ನೂ ಕುಗ್ಗಿಸಬೇಡ' ಎಂದು ಹೇಳುವ ಆಯ್ಕೆ. ನಿಮ್ಮ ಕೋಡ್ ಒಂದಕ್ಕೇ ಅಲ್ಲ, ಇಡೀ ಕರ್ನಲ್‌ಗೆ, ಪ್ರತಿ ಡ್ರೈವರ್‌ಗೆ ಅನ್ವಯಿಸುತ್ತದೆ. 64 ಕಿಲೋಬೈಟ್ ಚಿಪ್‌ಗೆ ಅದು ತಡೆಯಲಾಗದ ಭಾರ, ಸ್ಟ್ಯಾಕ್ (ಫಂಕ್ಷನ್ ಓಡುವಾಗ ಬಳಸುವ ತಾತ್ಕಾಲಿಕ ರ‍್ಯಾಮ್ ಜಾಗ) ಬಳಕೆಯನ್ನೂ ಏರಿಸುತ್ತದೆ. ಡೀಬಗರ್‌ನಲ್ಲಿ ಸಾಲುಸಾಲಾಗಿ ಹೆಜ್ಜೆ ಹಾಕಬೇಕೆಂದಿದ್ದರೆ ಡೀಬಗ್_ಆಪ್ಟಿಮೈಜೇಶನ್ಸ್ ಸಾಕು. ಏನೂ ಹೇಳದಿದ್ದರೆ ಜೆಫಿರ್ ತಾನಾಗಿ ಸೈಜ್_ಆಪ್ಟಿಮೈಜೇಶನ್ಸ್ ಆರಿಸಿಕೊಳ್ಳುತ್ತದೆ.

ಇದೊಂದು ತೆಗೆದ ಮೇಲೆ ಲಿಂಕ್ ಆಗುವ ಸಾಧ್ಯತೆ ಹೆಚ್ಚು. ಆಗದಿದ್ದರೆ ಶೆಲ್ ಅನ್ನು ತಾತ್ಕಾಲಿಕವಾಗಿ ತೆಗೆದು ಒಮ್ಮೆ ಲಿಂಕ್ ಮಾಡಿಸಿ. ಲಿಂಕ್ ಆಗದೆ ಲೆಕ್ಕ ಸಿಗುವುದಿಲ್ಲ, ಲೆಕ್ಕವಿಲ್ಲದೆ ಕತ್ತರಿಸಲು ಹೊರಟರೆ ತಪ್ಪು ಜಾಗಕ್ಕೇ ಕತ್ತರಿ ಬೀಳುತ್ತದೆ. 'ವೆಸ್ಟ್ ಬಿಲ್ಡ್ -ಟಿ ರೋಮ್_ರಿಪೋರ್ಟ್' ಕೊಟ್ಟರೆ ಯಾವ ಫೋಲ್ಡರ್‌ನ ಯಾವ ಫೈಲಿನ ಯಾವ ಫಂಕ್ಷನ್ ಎಷ್ಟು ಬೈಟ್ ತಿಂದಿದೆ ಎಂಬುದು ಮರದ ಕೊಂಬೆಗಳಂತೆ ಬರುತ್ತದೆ. ರ‍್ಯಾಮ್‌ಗೆ 'ರ‍್ಯಾಮ್_ರಿಪೋರ್ಟ್' ಇದೆ.

ಈ ಚಿಪ್‌ನಲ್ಲಿ ದಶಮಾಂಶದ ಲೆಕ್ಕ ಮಾಡುವ ಯಂತ್ರಾಂಶವೇ ಇಲ್ಲ, ಅದು ಕಾರ್ಟೆಕ್ಸ್-ಎಂ3. ಹಾಗಾಗಿ ಒಂದು 'ಫ್ಲೋಟ್' ಮುದ್ರಿಸಲು ಅದಕ್ಕೆ ಬೇಕಾದ ಸಾಫ್ಟ್‌ವೇರ್ ಗಣಿತವೆಲ್ಲ ಒಳಗೆ ಬರುತ್ತದೆ. ಜೆಫಿರ್‌ನ ಸೆನ್ಸರ್ ಬೆಲೆ ಮೊದಲೇ ಎರಡು ಪೂರ್ಣಾಂಕಗಳಾಗಿ ಸಿಗುತ್ತದೆ: ವ್ಯಾಲ್1 ಪೂರ್ಣ ಭಾಗ, ವ್ಯಾಲ್2 ಹತ್ತು ಲಕ್ಷದಲ್ಲೊಂದು ಭಾಗಗಳ ಲೆಕ್ಕ. 27 ಮತ್ತು 350000 ಎಂದರೆ 27.35 ಡಿಗ್ರಿ. ವ್ಯಾಲ್2ವನ್ನು 10,000ದಿಂದ ಭಾಗಿಸಿ, ಎರಡಂಕಿಗೆ ಸೊನ್ನೆ ತುಂಬಿ ಮುದ್ರಿಸಿದರೆ ಮುಗಿಯಿತು. ಸೊನ್ನೆಗಿಂತ ಕೆಳಗಿನ ಉಷ್ಣತೆ ಬರುವುದಾದರೆ ಎರಡೂ ಭಾಗಕ್ಕೆ ಋಣ ಚಿಹ್ನೆ ಬರುತ್ತದೆ, ಅದನ್ನು ನೋಡಿಕೊಳ್ಳಿ. ಎಫ್‌ಪಿ ಆಯ್ಕೆ ತೆಗೆದ ಮೇಲೆ ಸಿಬಿಪ್ರಿಂಟ್‌ಎಫ್_ನ್ಯಾನೋ ಹಾಕಬಹುದು. ಎರಡನ್ನೂ ಒಟ್ಟಿಗೆ ಇಟ್ಟರೆ ಮತ್ತೆ ಅದೇ ಕಥೆ: ಎಫ್‌ಪಿ ಆಯ್ಕೆಗೆ ಪೂರ್ಣ ಸಿಬಿಪ್ರಿಂಟ್‌ಎಫ್ ಬೇಕು, ನ್ಯಾನೋ ಇದ್ದಾಗ ಅದು 'ಎನ್' ಆಗುತ್ತದೆ.

ಲಾಗ್ ಬೇಕೇ ಬೇಕಾದರೆ ಲಾಗ್_ಮೋಡ್_ಮಿನಿಮಲ್ ಹಾಕಿ. ಸಮಯದ ಗುರುತು, ಬಣ್ಣ, ಮಾಡ್ಯೂಲ್ ಹೆಸರು ಹೋಗುತ್ತವೆ, ಸಂದೇಶ ಉಳಿಯುತ್ತದೆ. ಲಾಗ್_ಮ್ಯಾಕ್ಸ್_ಲೆವೆಲ್=2 ಮಾಡಿದರೆ ಎರರ್ ಮತ್ತು ಎಚ್ಚರಿಕೆಗಿಂತ ಕೆಳದರ್ಜೆಯ ಲಾಗ್ ಸಾಲುಗಳು ಕಂಪೈಲ್ ಆಗುವುದೇ ಇಲ್ಲ, ಅವುಗಳೊಳಗಿನ ಅಕ್ಷರಗಳೂ ಫ್ಲ್ಯಾಶ್‌ಗೆ ಹೋಗುವುದಿಲ್ಲ. ಶೆಲ್‌ಗೆ ಶೆಲ್_ಮಿನಿಮಲ್ ಇದೆ: ಹಳೆಯ ಆದೇಶಗಳ ನೆನಪು, ಟ್ಯಾಬ್ ಪೂರಣ ಇತ್ಯಾದಿ ಹೋಗಿ ಸಾದಾ ಶೆಲ್ ಉಳಿಯುತ್ತದೆ. ನಮ್ಮ ಅಭಿಪ್ರಾಯ ಕೇಳಿದರೆ, 20 ಕಿಲೋಬೈಟ್ ರ‍್ಯಾಮ್‌ನ ಚಿಪ್‌ನಲ್ಲಿ ಶೆಲ್ ಮತ್ತು ಲಾಗ್ ಎರಡನ್ನೂ ಸಾಕುವ ಬದಲು ಒಂದನ್ನು ಆರಿಸಿಕೊಳ್ಳುವುದು ಮೇಲು.

ಪ್ರಶ್ನೆ: 'ಜೆಫಿರ್ ಫೇಟಲ್ ಎರರ್ 2: ಸ್ಟ್ಯಾಕ್ ಓವರ್‌ಫ್ಲೋ' ಎಂದು ಬೋರ್ಡ್ ಬೀಳುತ್ತದೆ. ಮೇನ್_ಸ್ಟ್ಯಾಕ್_ಸೈಜ್ ಅನ್ನು 1024ರಿಂದ 4096ಕ್ಕೆ, ಮತ್ತೆ 8192ಕ್ಕೆ ಏರಿಸಿದೆ. ಏನೂ ಬದಲಾಗಿಲ್ಲ. (ಎಂಬೆಡೆಡ್ ಎಂಜಿನಿಯರ್, ಮೈಸೂರು)

ಉತ್ತರ: ಆ ಸಂದೇಶದ ಕೆಳಗೇ 'ಕರೆಂಟ್ ಥ್ರೆಡ್' ಎಂಬ ಸಾಲು ಇದೆ. ಥ್ರೆಡ್ ಎಂದರೆ ತನ್ನದೇ ಸ್ಟ್ಯಾಕ್ ಇಟ್ಟುಕೊಂಡು ಓಡುವ ಕೆಲಸದ ಎಳೆ; ಬಿದ್ದದ್ದು ಯಾವುದು ಎಂದು ಈ ಸಾಲು ಹೇಳುತ್ತದೆ. ವಿಳಾಸದ ಪಕ್ಕ ಆವರಣದಲ್ಲಿ ಹೆಸರು ಕಾಣದಿದ್ದರೆ ಥ್ರೆಡ್_ನೇಮ್=ವೈ ಮಾಡಿ ಮತ್ತೆ ಬೀಳಿಸಿ. ಅಲ್ಲಿ 'ಮೇನ್' ಬದಲು 'ಸಿಸ್‌ವರ್ಕ್‌ಕ್ಯೂ' ಎಂದಿದ್ದರೆ ನೀವು ಈವರೆಗೆ ನೀರೆರೆದದ್ದು ಪಕ್ಕದ ಗಿಡಕ್ಕೆ.

'ಕೆ_ವರ್ಕ್' ಮೂಲಕ ಒಪ್ಪಿಸಿದ ಕೆಲಸ ಮೇನ್ ಥ್ರೆಡ್‌ನಲ್ಲಿ ಓಡುವುದಿಲ್ಲ, ಸಿಸ್ಟಮ್ ವರ್ಕ್‌ಕ್ಯೂ ಎಂಬ ಬೇರೆ ಥ್ರೆಡ್‌ನಲ್ಲಿ ಓಡುತ್ತದೆ. ಅದರ ಸ್ಟ್ಯಾಕ್‌ನ ಅಳತೆ ಸಿಸ್ಟಮ್_ವರ್ಕ್‌ಕ್ಯೂ_ಸ್ಟ್ಯಾಕ್_ಸೈಜ್, ಸಾಮಾನ್ಯವಾಗಿ 1024 ಬೈಟ್. ಟೈಮರ್ ಮುಗಿದಾಗ ಕರೆಯುವ ಫಂಕ್ಷನ್ ಇನ್ನೂ ಬೇರೆ, ಅದು ಇಂಟರಪ್ಟ್ ಸ್ಟ್ಯಾಕ್ ಮೇಲೆ ಓಡುತ್ತದೆ. ಅದರ ಅಳತೆ ಐಎಸ್‌ಆರ್_ಸ್ಟ್ಯಾಕ್_ಸೈಜ್. ವರ್ಕ್‌ಕ್ಯೂನಲ್ಲಿ ಓಡುವ ಫಂಕ್ಷನ್ ಒಳಗೆ 512 ಬೈಟ್‌ನ ಅಕ್ಷರ ಪಟ್ಟಿ ಘೋಷಿಸಿ 'ಎಸ್‌ಎನ್‌ಪ್ರಿಂಟ್‌ಎಫ್' ಕರೆದರೆ 1024ರ ಸ್ಟ್ಯಾಕ್ ನಿಲ್ಲುವ ಮಾತೇ ಇಲ್ಲ. ದೊಡ್ಡ ಪಟ್ಟಿಯನ್ನು 'ಸ್ಟ್ಯಾಟಿಕ್' ಮಾಡಿ ಫಂಕ್ಷನ್‌ನಿಂದ ಹೊರಗಿಡುವುದು ಮೊದಲ ಮದ್ದು, ಸ್ಟ್ಯಾಕ್ ಏರಿಸುವುದು ಆಮೇಲಿನದು.

ಎಷ್ಟು ಏರಿಸಬೇಕೆಂದು ಊಹಿಸುವ ಬದಲು ಅಳೆಯಿರಿ. ಥ್ರೆಡ್_ಅನಲೈಜರ್=ವೈ, ಥ್ರೆಡ್_ಅನಲೈಜರ್_ಆಟೋ=ವೈ, ಥ್ರೆಡ್_ಅನಲೈಜರ್_ಆಟೋ_ಇಂಟರ್ವಲ್=10. ಹತ್ತು ಸೆಕೆಂಡಿಗೊಮ್ಮೆ ಪ್ರತಿ ಥ್ರೆಡ್‌ನ ಹೆಸರು, ಬಳಸಿದ್ದೆಷ್ಟು, ಉಳಿದದ್ದೆಷ್ಟು ಎಂದು ಮುದ್ರಿಸುತ್ತದೆ. ಇದು ನಡೆಯುವ ಬಗೆ ಸರಳ: ಶುರುವಿನಲ್ಲಿ ಸ್ಟ್ಯಾಕ್ ತುಂಬ ಹೆಕ್ಸ್ ಎಎ ಬೈಟ್ ತುಂಬಿಟ್ಟು, ಎಲ್ಲಿಯವರೆಗೆ ಅದು ಅಳಿಸಿಹೋಗಿದೆ ಎಂದು ಆಮೇಲೆ ಎಣಿಸುವುದು. ಹಾಗಾಗಿ ಇಲ್ಲಿ ಕಾಣುವುದು ಈವರೆಗೆ ಮುಟ್ಟಿದ ಗರಿಷ್ಠ ಆಳ. ನಿಮ್ಮ ಪ್ರೋಗ್ರಾಮಿನ ಅತಿ ಕಷ್ಟದ ದಾರಿಗಳನ್ನೆಲ್ಲ, ಅಂದರೆ ನೆಟ್‌ವರ್ಕ್ ಕಡಿತ, ಸೆನ್ಸರ್ ಕಿತ್ತುಹಾಕುವುದು, ತಪ್ಪು ಇನ್‌ಪುಟ್ ಇವನ್ನೆಲ್ಲ ಓಡಿಸಿ ಆಮೇಲೆ ಓದಿ. ಆ ಗರಿಷ್ಠದ ಮೇಲೆ ಕಾಲು ಭಾಗದಿಂದ ಮೂರನೇ ಒಂದು ಭಾಗ ಹೆಚ್ಚಿಟ್ಟು, 8ರ ಗುಣಕಕ್ಕೆ ಸರಿಮಾಡಿ. ಆಪ್ಟಿಮೈಜೇಶನ್ ಆಯ್ಕೆ ಬದಲಿಸಿದರೆ ಮತ್ತೆ ಅಳೆಯಬೇಕು, ಹಳೆಯ ಅಂಕಿ ನಡೆಯುವುದಿಲ್ಲ.

ಪ್ರಶ್ನೆ: ಬೋರ್ಡ್ ಬೀಳುವ ಮುಂಚಿನ ಕೊನೆಯ ಲಾಗ್ ಸಾಲುಗಳೇ ಬರುವುದಿಲ್ಲ. ಕೆಲವು ಸಲ 'ಮೆಸೇಜಸ್ ಡ್ರಾಪ್ಡ್' ಎನ್ನುತ್ತದೆ. (ಓದುಗರು, ಬೆಳಗಾವಿ)

ಉತ್ತರ: ಲಾಗ್‌ನ ಪೂರ್ವನಿಯೋಜಿತ ಕ್ರಮ 'ಡಿಫರ್ಡ್': ಸಂದೇಶ ಮೊದಲು ಒಂದು ಬಫರ್‌ಗೆ, ಆಮೇಲೆ ಬಿಡುವಾದಾಗ ಬೇರೊಂದು ಥ್ರೆಡ್‌ನಿಂದ ಹೊರಗೆ. ಬಿಡುವಾಗುವ ಮುಂಚೆಯೇ ಬೋರ್ಡ್ ರೀಸೆಟ್ ಆದರೆ ಬಫರ್‌ನಲ್ಲಿದ್ದದ್ದು ಹೋಯಿತು. ದೋಷ ಹುಡುಕುವ ದಿನಗಳಲ್ಲಿ ಲಾಗ್_ಮೋಡ್_ಇಮಿಡಿಯೇಟ್=ವೈ ಮಾಡಿ, ಪ್ರತಿ ಸಾಲೂ ಕರೆದ ಜಾಗದಲ್ಲೇ ಮುದ್ರಣವಾಗುತ್ತದೆ. ಬೆಲೆಯೂ ಇದೆ: ಮುದ್ರಿಸುವ ಥ್ರೆಡ್‌ನ ಸ್ಟ್ಯಾಕ್ ಹೆಚ್ಚು ಬೇಕು, ಸೀರಿಯಲ್ ವೇಗಕ್ಕೆ ಕಾಯುವುದರಿಂದ ಸಮಯದ ಲೆಕ್ಕ ಏರುಪೇರಾಗುತ್ತದೆ. ಸಮಯಕ್ಕೆ ಸೂಕ್ಷ್ಮವಾದ ದೋಷ ಈ ಕ್ರಮದಲ್ಲಿ ಕಾಣದೇ ಹೋಗಬಹುದು. ಬರೀ ಸಂದೇಶ ಬಿದ್ದುಹೋಗುವುದೇ ತೊಂದರೆಯಾದರೆ ಲಾಗ್_ಬಫರ್_ಸೈಜ್ ಅನ್ನು 1024ರಿಂದ 4096ಕ್ಕೆ ಏರಿಸಿ ನೋಡಿ.

ಪ್ರಶ್ನೆ: ಎನ್‌ಆರ್‌ಎಫ್52840 ಬಳಸಿ ತೋಟದ ತೇವಾಂಶ ಅಳೆಯುವ ಉಪಕರಣ ಮಾಡಿದ್ದೇನೆ. ಐದು ನಿಮಿಷಕ್ಕೊಮ್ಮೆ ಎದ್ದು ಅಳೆದು ಮಲಗುತ್ತದೆ. ಸಿಆರ್2032 ಬ್ಯಾಟರಿ ಮೂರು ವಾರವೂ ಬರುವುದಿಲ್ಲ. (ಓದುಗರು, ತೀರ್ಥಹಳ್ಳಿ)

ಉತ್ತರ: ಲೆಕ್ಕ ಹಾಕಿ ನೋಡೋಣ. ಆ ಬ್ಯಾಟರಿಯ ಶಕ್ತಿ ಸುಮಾರು 220 ಮಿಲಿಆಂಪಿಯರ್ ಗಂಟೆ. ಅರ್ಧ ಮಿಲಿಆಂಪಿಯರ್ ಸದಾ ಹರಿಯುತ್ತಿದ್ದರೆ 440 ಗಂಟೆ, ಅಂದರೆ 18 ದಿನ. ನಿಮ್ಮ ಅನುಭವಕ್ಕೆ ಇದು ಹೊಂದುತ್ತದೆ. ಅದೇ 5 ಮೈಕ್ರೋಆಂಪಿಯರ್ ಆದರೆ 44,000 ಗಂಟೆ, ಕಾಗದದ ಮೇಲೆ ಐದು ವರ್ಷ.

ಈ ಅರ್ಧ ಮಿಲಿಆಂಪಿಯರ್‌ನ ಮೊದಲ ಅನುಮಾನ ಸೀರಿಯಲ್ ಪೋರ್ಟ್ ಮೇಲೆ. ಮಲಗಿದ ಚಿಪ್ ಕೆಲವೇ ಮೈಕ್ರೋಆಂಪಿಯರ್ ಕುಡಿಯುತ್ತದೆ. ಆದರೆ ಯುಆರ್ಟ್‌ನ (ಸೀರಿಯಲ್ ಪೋರ್ಟ್ ನಡೆಸುವ ಯಂತ್ರಾಂಶ) ಗ್ರಾಹಕ ಭಾಗ ತೆರೆದಿದ್ದರೆ ಅದು ವೇಗದ ಗಡಿಯಾರವನ್ನು ಮಲಗಲು ಬಿಡುವುದಿಲ್ಲ, ನೂರಾರು ಮೈಕ್ರೋಆಂಪಿಯರ್ ಹೋಗುತ್ತಲೇ ಇರುತ್ತದೆ. ನೀವು ಮುದ್ರಿಸುವ ಸಾಲುಗಳನ್ನು ಕೋಡಿನಿಂದ ಅಳಿಸಿದ ಮಾತ್ರಕ್ಕೆ ಪೋರ್ಟ್ ಮುಚ್ಚುವುದಿಲ್ಲ. ಬೋರ್ಡಿನ ಡೆಫ್‌ಕಾನ್ಫಿಗ್ ಅದನ್ನು ತೆರೆದಿಟ್ಟಿರುತ್ತದೆ.

'ಪ್ರಾಡ್ ಡಾಟ್ ಕಾನ್ಫ್' ಎಂಬ ಬೇರೆ ಫೈಲ್ ಮಾಡಿ: ಸೀರಿಯಲ್=ಎನ್, ಕನ್ಸೋಲ್=ಎನ್, ಯುಆರ್ಟ್_ಕನ್ಸೋಲ್=ಎನ್, ಲಾಗ್=ಎನ್. ಸೀರಿಯಲ್ ಒಂದನ್ನೇ 'ಎನ್' ಮಾಡಿದರೆ, ಡೆಫ್‌ಕಾನ್ಫಿಗ್ ಕೇಳಿದ ಯುಆರ್ಟ್_ಕನ್ಸೋಲ್‌ಗೆ ಅವಲಂಬನೆ ಸಿಗದೆ ಎಚ್ಚರಿಕೆ ಬರುತ್ತದೆ. ಮೊದಲ ಮೂರನ್ನೂ ಬರೆದರೆ ಪರದೆ ಸ್ವಚ್ಛವಾಗಿರುತ್ತದೆ, ನಾಳೆ ನಿಜವಾದ ಎಚ್ಚರಿಕೆ ಬಂದಾಗ ಕಣ್ಣಿಗೆ ಬೀಳುತ್ತದೆ. ತೋಟಕ್ಕೆ ಕಳಿಸುವ ಬಿಲ್ಡ್‌ಗೆ ಇದನ್ನು ಎಕ್ಸ್‌ಟ್ರಾ_ಕಾನ್ಫ್_ಫೈಲ್ ಆಗಿ ಕೊಡಿ, ಮೇಜಿನ ಮೇಲಿನ ಬಿಲ್ಡ್‌ಗೆ ಬೇಡ. ಅಳೆಯುವಾಗ ಡೀಬಗರ್ ತಂತಿ ಕಿತ್ತು, ಬೋರ್ಡನ್ನು ಒಮ್ಮೆ ಪೂರ್ತಿ ಆರಿಸಿ ಹಚ್ಚಿ. ಡೀಬಗ್ ಸ್ಥಿತಿ ಹಿಡಿದಿಟ್ಟಿದ್ದರೆ ಮೀಟರ್ ಸುಳ್ಳು ಹೇಳುತ್ತದೆ. ಮೀಟರ್ ಇಳಿಯದಿದ್ದರೆ ಮುಂದಿನ ಅನುಮಾನ ಮಣ್ಣಿನ ಸೆನ್ಸರ್ ಮೇಲೆ: ಅದಕ್ಕೆ ವಿದ್ಯುತ್ ಸದಾ ಹೋಗುತ್ತಿದೆಯೇ, ಅಳೆಯುವಾಗ ಮಾತ್ರವೇ?

ಪ್ರಶ್ನೆ: ಎಂಸಿಯುಬೂಟ್ ಬೂಟ್‌ಲೋಡರ್ (ಅಪ್ಲಿಕೇಶನ್‌ಗಿಂತ ಮೊದಲು ಓಡಿ ಅದನ್ನು ಶುರುಮಾಡುವ ಪುಟ್ಟ ಪ್ರೋಗ್ರಾಮ್) ಸೇರಿಸಿದ್ದೇನೆ. ಪಿಆರ್‌ಜೆ ಡಾಟ್ ಕಾನ್ಫ್‌ನಲ್ಲಿ ಲಾಗ್=ಎನ್ ಮಾಡಿದರೂ ಬೂಟ್‌ಲೋಡರ್ ಲಾಗ್ ಮುದ್ರಿಸುತ್ತಲೇ ಇದೆ. (ಓದುಗರು, ಮಂಗಳೂರು)

ಉತ್ತರ: ಹಲವು ಪ್ರೋಗ್ರಾಮ್‌ಗಳನ್ನು ಒಟ್ಟಿಗೆ ಬಿಲ್ಡ್ ಮಾಡುವ ಸಿಸ್‌ಬಿಲ್ಡ್ ಬಳಸಿದಾಗ ಬೂಟ್‌ಲೋಡರ್ ಒಂದು ಪ್ರೋಗ್ರಾಮ್, ನಿಮ್ಮ ಅಪ್ಲಿಕೇಶನ್ ಇನ್ನೊಂದು. ಪಿಆರ್‌ಜೆ ಡಾಟ್ ಕಾನ್ಫ್ ಎರಡನೆಯದಕ್ಕೆ ಮಾತ್ರ ಸೇರಿದ್ದು. ಪ್ರಾಜೆಕ್ಟಿನಲ್ಲಿ 'ಸಿಸ್‌ಬಿಲ್ಡ್' ಎಂಬ ಫೋಲ್ಡರ್ ಮಾಡಿ, ಅದರೊಳಗೆ ಎಂಸಿಯುಬೂಟ್ ಡಾಟ್ ಕಾನ್ಫ್ ಫೈಲಿನಲ್ಲಿ ಬೂಟ್‌ಲೋಡರ್‌ನ ಆಯ್ಕೆಗಳನ್ನು ಬರೆಯಿರಿ. ಬೂಟ್‌ಲೋಡರ್ ಬೇಕೇ ಬೇಡವೇ ಎಂಬ ನಿರ್ಧಾರ ಸಿಸ್‌ಬಿಲ್ಡ್ ಡಾಟ್ ಕಾನ್ಫ್‌ನಲ್ಲಿ, ಅಲ್ಲಿನ ಹೆಸರುಗಳು 'ಎಸ್‌ಬಿ_ಕಾನ್ಫಿಗ್_' ಎಂದು ಶುರುವಾಗುತ್ತವೆ. ಡಾಟ್ ಕಾನ್ಫಿಗ್ ಕೂಡ ಈಗ ಎರಡು: ಬಿಲ್ಡ್ ಫೋಲ್ಡರ್‌ನಲ್ಲಿ ಎಂಸಿಯುಬೂಟ್ ಹೆಸರಿನ ಫೋಲ್ಡರ್ ಒಳಗೊಂದು, ನಿಮ್ಮ ಅಪ್ಲಿಕೇಶನ್ ಹೆಸರಿನ ಫೋಲ್ಡರ್ ಒಳಗೊಂದು. ಹಳೆಯ ಜಾಗದಲ್ಲಿ ಹುಡುಕಿದರೆ ಸಿಗುವುದಿಲ್ಲ.

ಪ್ರಶ್ನೆ: ಜೆಫಿರ್ ಅಲ್ಲ, ಲಿನಕ್ಸ್ ಪ್ರಶ್ನೆ. ಬಿಲ್ಡ್‌ರೂಟ್‌ನಲ್ಲಿ (ಬೋರ್ಡಿಗೆ ಬೇಕಾದ ಇಡೀ ಲಿನಕ್ಸ್ ಕಟ್ಟಿಕೊಡುವ ಸಾಧನ) ಕರ್ನಲ್ ಚಿಕ್ಕದಾಗಲಿ ಎಂದು ಎಷ್ಟೋ ಆಯ್ಕೆಗಳನ್ನು 'ಎಂ' ಮಾಡಿದೆ. ಈಗ ಎಸ್‌ಡಿ ಕಾರ್ಡಿನಿಂದ ಬೂಟ್ ಆಗುವಾಗ 'ಅನೇಬಲ್ ಟು ಮೌಂಟ್ ರೂಟ್ ಎಫ್‌ಎಸ್ ಆನ್ ಅನ್‌ನೋನ್-ಬ್ಲಾಕ್(179,2)' ಎಂದು ಕರ್ನಲ್ ಪ್ಯಾನಿಕ್ ಬರುತ್ತದೆ. (ಓದುಗರು, ಬೆಂಗಳೂರು)

ಉತ್ತರ: ಆವರಣದ ಎರಡು ಅಂಕಿಗಳೇ ಅರ್ಧ ಉತ್ತರ. 179 ಎಂಬುದು ಎಸ್‌ಡಿ ಮತ್ತು ಇಎಂಎಂಸಿ ಸಾಧನಗಳ ಮೇಜರ್ ಸಂಖ್ಯೆ, 2 ಎಂದರೆ ಎರಡನೇ ವಿಭಾಗ. ಅಂದರೆ ಕರ್ನಲ್‌ಗೆ ಕಾರ್ಡ್ ಕಂಡಿದೆ, ವಿಭಾಗವೂ ಕಂಡಿದೆ, ಅದರೊಳಗಿನ ಫೈಲ್ ಸಿಸ್ಟಮ್ ಓದಲು ಬರುತ್ತಿಲ್ಲ. ಎಕ್ಸ್ಟ್4_ಎಫ್‌ಎಸ್ ಅನ್ನು 'ಎಂ' ಮಾಡಿದ್ದೀರಿ ಎನಿಸುತ್ತದೆ. 'ಎಂ' ಎಂದರೆ ಮಾಡ್ಯೂಲ್, ಅದು ಕೂರುವುದು ರೂಟ್ ಫೈಲ್ ಸಿಸ್ಟಮ್‌ನ ಲಿಬ್ ಮಾಡ್ಯೂಲ್ಸ್ ಫೋಲ್ಡರ್‌ನಲ್ಲಿ. ಆ ಫೈಲ್ ಸಿಸ್ಟಮ್ ತೆರೆಯಲು ಬೇಕಾದದ್ದೇ ಆ ಮಾಡ್ಯೂಲ್. ಬೀಗದ ಕೈ ಒಳಗಿಟ್ಟು ಬಾಗಿಲು ಎಳೆದುಕೊಂಡಂತಾಗಿದೆ. ಆರಂಭಿಕ ರ‍್ಯಾಮ್ ಡಿಸ್ಕ್ ಬಳಸದಿದ್ದರೆ ಎಕ್ಸ್ಟ್4_ಎಫ್‌ಎಸ್, ಎಂಎಂಸಿ, ಎಂಎಂಸಿ_ಬ್ಲಾಕ್ ಮತ್ತು ನಿಮ್ಮ ಚಿಪ್‌ನ ಎಸ್‌ಡಿ ಕಂಟ್ರೋಲರ್ ಡ್ರೈವರ್ ಇವೆಲ್ಲ 'ವೈ' ಆಗಿಯೇ ಇರಬೇಕು. ಜೊತೆಗೆ ಡೆವ್‌ಟಿಎಂಪಿಎಫ್‌ಎಸ್ ಮತ್ತು ಡೆವ್‌ಟಿಎಂಪಿಎಫ್‌ಎಸ್_ಮೌಂಟ್.

ಅಂಕಿಗಳು (0,0) ಎಂದಿದ್ದರೆ ಕಾರಣ ಬೇರೆ: ಕಾರ್ಡೇ ಕಂಡಿಲ್ಲ. ಆಗ ಕಂಟ್ರೋಲರ್ ಡ್ರೈವರ್ ಇದೆಯೇ, ಬೂಟ್ ಸಾಲಿನಲ್ಲಿ 'ರೂಟ್=' ಬೆಲೆ ಸರಿಯೇ, 'ರೂಟ್‌ವೇಟ್' ಪದ ಇದೆಯೇ ನೋಡಿ. ಕಾರ್ಡ್ ಗುರುತಿಸಲು ಒಂದಿಷ್ಟು ಹೊತ್ತು ಬೇಕು. ರೂಟ್‌ವೇಟ್ ಇಲ್ಲದಿದ್ದರೆ ಕರ್ನಲ್ ಅಷ್ಟೂ ಕಾಯದೆ ಪ್ಯಾನಿಕ್ ಆಗುತ್ತದೆ.

ಬಿಲ್ಡ್‌ರೂಟ್‌ನಲ್ಲಿ 'ಮೇಕ್ ಲಿನಕ್ಸ್-ಮೆನುಕಾನ್ಫಿಗ್' ಮಾಡಿದ ಬದಲಾವಣೆಯೂ ಔಟ್‌ಪುಟ್ ಫೋಲ್ಡರ್‌ನಲ್ಲಿರುತ್ತದೆ, 'ಮೇಕ್ ಕ್ಲೀನ್' ಜೊತೆ ಹೋಗುತ್ತದೆ. 'ಮೇಕ್ ಲಿನಕ್ಸ್-ಅಪ್‌ಡೇಟ್-ಡೆಫ್‌ಕಾನ್ಫಿಗ್' ಅದನ್ನು ನಿಮ್ಮ ಸ್ವಂತ ಕರ್ನಲ್ ಕಾನ್ಫಿಗ್ ಫೈಲಿಗೆ ಮರಳಿ ಬರೆಯುತ್ತದೆ. ಅದಕ್ಕೆ ಮೊದಲು ಬಿಲ್ಡ್‌ರೂಟ್ ಮೆನುವಿನಲ್ಲಿ ಅಂಥ ಸ್ವಂತ ಫೈಲೊಂದನ್ನು ಹೆಸರಿಸಿರಬೇಕು. ಕೆಲವೇ ಆಯ್ಕೆಗಳಿರುವ ಚೂರು ಫೈಲುಗಳನ್ನು ಸೇರಿಸುವುದಾದರೆ 'ವ್ಯಾಲ್ಯೂ ರಿಕ್ವೆಸ್ಟೆಡ್ … ನಾಟ್ ಇನ್ ಫೈನಲ್ ಡಾಟ್ ಕಾನ್ಫಿಗ್' ಎಂಬ ಸಾಲು ಬಂದಿದೆಯೇ ಎಂದು ಬಿಲ್ಡ್ ದಾಖಲೆಯಲ್ಲಿ ಹುಡುಕಿ, ಕೇಳಿದ್ದು ಸಿಗದಿದ್ದಾಗ ಲಿನಕ್ಸ್ ಹೇಳುವುದು ಅಷ್ಟೇ. ಐಕೆಕಾನ್ಫಿಗ್ ಮತ್ತು ಐಕೆಕಾನ್ಫಿಗ್_ಪ್ರಾಕ್ ಎರಡನ್ನೂ 'ವೈ' ಮಾಡಿಟ್ಟರೆ, ಬೋರ್ಡ್ ಎದ್ದ ಮೇಲೆ ಪ್ರಾಕ್ ಫೋಲ್ಡರ್‌ನ ಕಾನ್ಫಿಗ್ ಡಾಟ್ ಜಿಜೆಡ್ ಫೈಲನ್ನು 'ಜೆಡ್‌ಕ್ಯಾಟ್' ಮಾಡಿ, ಓಡುತ್ತಿರುವ ಕರ್ನಲ್‌ನಲ್ಲಿ ಎಕ್ಸ್ಟ್4_ಎಫ್‌ಎಸ್ ನಿಜವಾಗಿ 'ವೈ' ಆಗಿದೆಯೇ ಎಂದು ಅಲ್ಲೇ ಓದಬಹುದು.